ಜಿಮ್ನಿಗೆ ವಿಂಚ್ ಮೊದಲೋ, ಲಿಫ್ಟ್ ಮೊದಲೋ?

ಹೆತ್ತೂರು_ಕಾಫಿ

ಎಲ್ಲರಿಗೂ ನಮಸ್ಕಾರ. ಗಾಡಿ ಮಾರುತಿಯ 4x4, 5 ಬಾಗಿಲಿನ ಜಿಮ್ನಿ, ಮ್ಯಾನುಯಲ್ ಗೇರ್. ತೋಟ ಸಕಲೇಶಪುರ ತಾಲೂಕಿನ ಹೆತ್ತೂರು ಕಡೆ. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಜೂನ್ ಬಂತೆಂದರೆ ಮೇಲಿನ ಬ್ಲಾಕ್‌ಗೆ ಹೋಗುವ ದಾರಿ ಪೂರ್ತಿ ಕೆಂಪು ಕೆಸರು. ಟ್ರಾಕ್ಟರ್ ಓಡಿ ಓಡಿ ಎರಡು ಕಡೆ ಆಳದ ಗಾಡಿಜಾಡು, ನಡುವೆ ದಿಬ್ಬ. ಗಾಡಿಯ ಹೊಟ್ಟೆ ಆ ದಿಬ್ಬದ ಮೇಲೆ ಕೂತುಬಿಟ್ಟರೆ ನಾಲ್ಕು ಚಕ್ರ ತಿರುಗಿದರೂ ಅಷ್ಟೇ, ತಿರುಗದಿದ್ದರೂ ಅಷ್ಟೇ. ಟ್ರಾಕ್ಟರ್‌ನವನಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ.

ಬೆಂಗಳೂರಿನ ಒಂದು ಆಕ್ಸೆಸರಿ ಅಂಗಡಿಯವರು ಪ್ಯಾಕೇಜ್ ಹೇಳಿದ್ದಾರೆ. 2 ಇಂಚು ಲಿಫ್ಟ್ (ಉದ್ದ ಸ್ಪ್ರಿಂಗ್ ಹಾಕಿ ಗಾಡಿ ಎತ್ತರಿಸುವುದು), ಸ್ಟೀಲ್ ಬಂಪರ್, 12,000 ಪೌಂಡ್ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರ್), ಎಲ್ಲಾ ಒಂದೇ ದಿನದಲ್ಲಿ ಹಾಕಿ ಕೊಡುತ್ತಾರಂತೆ. ಒಟ್ಟಿಗೆ ಮಾಡಿಸುವಷ್ಟು ದುಡ್ಡು ಈಗ ಇಲ್ಲ. ಲಿಫ್ಟ್ ಈಗ ಮಾಡಿಸಿ ವಿಂಚ್ ಮುಂದಿನ ವರ್ಷ ನೋಡೋಣ ಅಂತ ಮನಸ್ಸಿನಲ್ಲಿದೆ. ಸರಿನಾ?

ವರ್ಕ್‌ಶಾಪ್_ಹಾಸನ

ಸರ್, ಉಲ್ಟಾ ಮಾಡಿ. ತೂಕ ಮೊದಲು, ಸ್ಪ್ರಿಂಗ್ ಆಮೇಲೆ.

ಯಾಕೆ ಅಂದರೆ, ಸ್ಪ್ರಿಂಗ್ ಆರಿಸುವುದು ಎತ್ತರ ನೋಡಿ ಅಲ್ಲ, ಅದರ ಮೇಲೆ ಕೂರುವ ತೂಕ ನೋಡಿ. 2 ಇಂಚು ಲಿಫ್ಟ್ ಅಂತ ಮಾರುವ ಸ್ಪ್ರಿಂಗ್‌ಗಳಲ್ಲೇ ಮುಂದಿನ ಜೋಡಿಗೆ ಎರಡು ಮೂರು ಬಗೆ ಇರುತ್ತದೆ, ಮಾಮೂಲಿ ಬಂಪರ್‌ಗೆ ಒಂದು, ಸ್ಟೀಲ್ ಬಂಪರ್ ಮತ್ತು ವಿಂಚ್ ಇದ್ದರೆ ಇನ್ನೊಂದು. ಈಗ ಮೆತ್ತಗಿನದು ಹಾಕಿಸಿ ಮುಂದಿನ ವರ್ಷ ವಿಂಚ್ ಕೂರಿಸಿದರೆ ಮೂಗು ಕೆಳಗೆ ಬಗ್ಗುತ್ತದೆ. ವಿಂಚ್ ಹೇಗೂ ಬರುತ್ತದೆ ಅಂತ ಈಗಲೇ ಗಟ್ಟಿಯದು ಹಾಕಿಸಿದರೆ ಒಂದು ವರ್ಷ ಪೂರ್ತಿ ಸೊಂಟ ನೋವು, ಜೊತೆಗೆ ಮುಂದಿನ ಚಕ್ರ ಗುಂಡಿಗೆ ಇಳಿಯುವುದೇ ಇಲ್ಲ.

ಒಂದು ಲೆಕ್ಕ ಕೊಡುತ್ತೇನೆ. ಸ್ಟೀಲ್ ಬಂಪರ್ 35 ಕೆಜಿ, ವಿಂಚ್ 28 ಕೆಜಿ ಅಂದುಕೊಳ್ಳಿ, ಒಟ್ಟು 63. ಇದು ಮುಂದಿನ ಆಕ್ಸಲ್‌ನ ಮೇಲೆ ಕೂರುವುದಿಲ್ಲ, ಅದಕ್ಕಿಂತ ಸುಮಾರು 60 ಸೆಂ.ಮೀ. ಮುಂದೆ ನೇತಾಡುತ್ತದೆ. ಜಿಮ್ನಿ 5 ಡೋರ್ ವೀಲ್‌ಬೇಸ್ 2590 ಮಿ.ಮೀ. ಹಾಗಾಗಿ ಮುಂದಿನ ಆಕ್ಸಲ್ ಮೇಲೆ ಬೀಳುವ ಭಾರ 63 ಅಲ್ಲ, 78 ಕೆಜಿ ಹತ್ತಿರ. ಹೆಚ್ಚಾದ ಆ 15 ಕೆಜಿ ಹಿಂದಿನ ಆಕ್ಸಲ್‌ನಿಂದ ಕಡಿಮೆ ಆಗುತ್ತದೆ. ಕೆಸರಲ್ಲಿ ಏರು ಹತ್ತುವಾಗ ಹಿಂದಿನ ಚಕ್ರದ ಮೇಲೆ ಭಾರ ಬೇಕು, ನೀವು ಅಲ್ಲಿಂದಲೇ ತೆಗೆದು ಮುಂದೆ ಹಾಕುತ್ತಿದ್ದೀರಿ.

ಹಳೇ_ಜಿಪ್ಸಿ

ಎಲ್ಲಕ್ಕಿಂತ ಮೊದಲು ಟೈರ್ ಯಾವುದು ಹೇಳಿ. ಕಂಪನಿಯಿಂದ ಬಂದ 195/80 ಆರ್15 ರಸ್ತೆ ಟೈರ್‌ನಲ್ಲೇ ಇದ್ದರೆ ವಿಂಚೂ ಬೇಡ, ಲಿಫ್ಟೂ ಬೇಡ, ಆ ದುಡ್ಡಲ್ಲಿ ಒಳ್ಳೆಯ ಟೈರ್ ಹಾಕಿಸಿ. ಕೆಂಪು ಮಣ್ಣು ಆ ಗೆರೆಗಳಲ್ಲಿ ತುಂಬಿಕೊಂಡರೆ ಬೋಳು ಟೈರ್‌ಗೂ ಅದಕ್ಕೂ ವ್ಯತ್ಯಾಸ ಇಲ್ಲ. ಕೆಸರಿಗೆ ಇಳಿಯುವ ಮುಂಚೆ ಗಾಳಿ 18 ಪಿಎಸ್‌ಐಗೆ ಇಳಿಸಿ ನೋಡಿ, ಜಿಮ್ನಿಯಂಥ ಹಗುರ ಗಾಡಿಗೆ ಅದೇ ಅರ್ಧ ಕೆಲಸ ಮಾಡುತ್ತದೆ. ವಾಪಸ್ ಟಾರ್ ರಸ್ತೆಗೆ ಬಂದ ಮೇಲೆ ತುಂಬಿಸಲು ಸಣ್ಣ ಕಂಪ್ರೆಸರ್ ಇರಲಿ.

ಇನ್ನೊಂದು ಮಾತು. ಮಲೆನಾಡಿನಲ್ಲಿ ಮರದ ದಿಮ್ಮಿ ಎಳೆಯುವವರ ಹತ್ತಿರ ಟಿರ್ಫರ್ ಇರುತ್ತದೆ ನೋಡಿ, ಕೈಯಲ್ಲಿ ಹಿಂದೆ ಮುಂದೆ ಆಡಿಸುವುದು. ನಿಧಾನ, ಭುಜ ಬಿದ್ದುಹೋಗುತ್ತದೆ. ಆದರೆ ಬ್ಯಾಟರಿ ಬೇಡ, ಬಂಪರ್ ಬೇಡ, ಗಾಡಿಯ ಹಿಂದಕ್ಕೂ ಎಳೆಯಬಹುದು. ಮುಂದೆ ಕೂರಿಸಿದ ವಿಂಚ್ ಮುಂದಕ್ಕೆ ಮಾತ್ರ ಎಳೆಯುವುದು, ಸಿಕ್ಕಿಕೊಂಡವನಿಗೆ ಬಹಳ ಸಲ ಬೇಕಾಗುವುದು ಹಿಂದಕ್ಕೆ!

ಹೆತ್ತೂರು_ಕಾಫಿ

ಟೈರ್ ಬದಲಾಯಿಸಿದ್ದೇನೆ ಸರ್, 215/75 ಆರ್15 ಎಟಿ, ಅಂದರೆ ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್. ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಆದರೂ ಹೊಟ್ಟೆ ತಾಗುತ್ತದೆ, ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಉಂಡೆ) ದಿಬ್ಬವನ್ನು ಕೆರೆದುಕೊಂಡೇ ಹೋಗುತ್ತದೆ. ಅದಕ್ಕೇ ಲಿಫ್ಟ್ ಅಂದಿದ್ದು. ಟಿರ್ಫರ್ ನಮ್ಮ ತಂದೆಯ ಕಾಲದ್ದು ಒಂದಿದೆ, ಒಬ್ಬನೇ ಇದ್ದಾಗ ಮಳೆಯಲ್ಲಿ ಅದನ್ನು ಆಡಿಸುವುದು ನನ್ನ ಕೈಲಾಗದ ಕೆಲಸ.

ವರ್ಕ್‌ಶಾಪ್_ಹಾಸನ

ಡಿಫರೆನ್ಷಿಯಲ್ ಕೆರೆಯುವುದಕ್ಕೆ ಲಿಫ್ಟ್ ಔಷಧಿ ಅಲ್ಲ ಸರ್. ಜಿಮ್ನಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮತ್ತು ಚಾಸಿ ಮೇಲೆ ಹೋಗುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದರ ಕೆಳಗಿನ ಗ್ಯಾಪ್ ಒಂದು ಮಿಲಿಮೀಟರ್ ಕೂಡ ಹೆಚ್ಚಾಗುವುದಿಲ್ಲ. ಅದು ಹೆಚ್ಚಾಗಬೇಕಾದರೆ ಟೈರ್ ದೊಡ್ಡದಾಗಬೇಕು. ನಿಮ್ಮ 215/75 ಹಳೆಯದಕ್ಕಿಂತ ಸುಮಾರು ಒಂದು ಸೆಂ.ಮೀ. ಎತ್ತರ, ಅಂದರೆ ಆಕ್ಸಲ್ ಕೆಳಗೆ ಸಿಕ್ಕಿದ್ದು ಅರ್ಧ ಸೆಂ.ಮೀ.

ಹೊಟ್ಟೆ ತಾಗುವುದಕ್ಕೆ ಮಾತ್ರ ಲಿಫ್ಟ್ ಉಪಯೋಗ. 5 ಡೋರ್ ಉದ್ದ ಜಾಸ್ತಿ, ಹೊಟ್ಟೆ ತಾಗದೆ ದಿಬ್ಬ ದಾಟುವ ರಾಂಪ್ ಬ್ರೇಕ್‌ಓವರ್ ಕೋನ 24 ಡಿಗ್ರಿ ಮಾತ್ರ. ಅಪ್ರೋಚ್ (ಮುಂದಿನ ಬಂಪರ್ ತಾಗದೆ ಏರುವ ಕೋನ) 36, ಡಿಪಾರ್ಚರ್ (ಹಿಂದಿನದು) ಅದಕ್ಕಿಂತಲೂ ಜಾಸ್ತಿ ಇರುವ ಗಾಡಿಗೆ ನಡುಭಾಗವೇ ವೀಕ್. ಹಾಗಾಗಿ ಲಿಫ್ಟ್ ಬೇಡ ಅನ್ನುತ್ತಿಲ್ಲ. ಆದರೆ ಸ್ಟೀಲ್ ಬಂಪರ್ ಹಾಕಿ 36 ಡಿಗ್ರಿಯನ್ನೂ ಹಾಳು ಮಾಡಿಕೊಳ್ಳಬೇಡಿ.

ಒಬ್ಬ ಆಳು ಗುದ್ದಲಿ ಹಿಡಿದು ಅರ್ಧ ದಿನ ಆ ದಿಬ್ಬ ಕೆತ್ತಿದರೆ ಇದಿಷ್ಟೂ ಬೇಕಾಗುವುದಿಲ್ಲ ಅನ್ನುವುದು ಬೇರೆ ಮಾತು :)

ಹುಬ್ಬಳ್ಳಿ_ಡೀಸೆಲ್

ಜಿಮ್ನಿಗೆ 12,000 ಪೌಂಡ್ ಯಾಕ್ರೀ? ಅದು ಎರಡೂವರೆ ಟನ್ ಮೇಲಿನ ಗಾಡಿಗಳ ವಿಂಚ್. ಅಂಗಡಿಯಲ್ಲಿ ಸ್ಟಾಕ್ ಇದ್ದದ್ದು ಅದೇ ಇರಬೇಕು.

ಎಲ್ಲರೂ ಹಿಡಿಯುವ ಲೆಕ್ಕ ಇಷ್ಟೇ: ಗಾಡಿಯ ಪೂರ್ಣ ತೂಕದ ಒಂದೂವರೆ ಪಟ್ಟು. ಜಿಮ್ನಿಯ ಜಿವಿಡಬ್ಲ್ಯು, ಅಂದರೆ ಜನ, ಸಾಮಾನು ಸೇರಿದ ಗರಿಷ್ಠ ತೂಕ, 1545 ಕೆಜಿ. ಒಂದೂವರೆ ಪಟ್ಟು ಅಂದರೆ 2317 ಕೆಜಿ, ಪೌಂಡ್‌ನಲ್ಲಿ 5100 ಚಿಲ್ಲರೆ. 6000 ಪೌಂಡ್ ಸಾಕು ಅಂತ ಕಾಗದದ ಮೇಲೆ ಕಾಣುತ್ತದೆ. ಆದರೆ ಎರಡು ವಿಷಯ ಮರೆಯಬಾರದು.

ಒಂದು, ಪೆಟ್ಟಿಗೆ ಮೇಲೆ ಬರೆದ ಶಕ್ತಿ ಹಗ್ಗ ಸುತ್ತುವ ಡ್ರಮ್‌ನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಅಂದರೆ ಹಗ್ಗ ಹೆಚ್ಚುಕಡಿಮೆ ಪೂರ್ತಿ ಹೊರಗೆ ಇದ್ದಾಗ. ಡ್ರಮ್ ಮೇಲೆ ಒಂದೊಂದು ಪದರ ಹೆಚ್ಚಾದಂತೆ ಶಕ್ತಿ ಶೇ. 10ರ ಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಮರ ಹತ್ತಿರದಲ್ಲೇ ಇದೆ ಅಂತ ಐದು ಮೀಟರ್ ಹಗ್ಗ ಬಿಟ್ಟು ಎಳೆದರೆ 6000 ಪೌಂಡ್ ವಿಂಚ್ 4000ದ ಹತ್ತಿರಕ್ಕೆ ಇಳಿದಿರುತ್ತದೆ.

ಎರಡು, ಕೆಸರಿನ ಹಿಡಿತ. ಟೈರ್‌ಮಟ್ಟ ಹೂತರೆ ಗಾಡಿ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡ್‌ವರೆಗೆ ಹೂತರೆ ಎರಡು ಪಟ್ಟು, ಬಾಡಿ ಕೂತರೆ ಮೂರು ಪಟ್ಟು ಅಂತ ಅಂದಾಜು. ಮೂರು ಪಟ್ಟು ಅಂದರೆ ನಿಮ್ಮ ಗಾಡಿಗೆ ನಾಲ್ಕೂವರೆ ಟನ್! ಇದಕ್ಕೆ ದೊಡ್ಡ ವಿಂಚ್ ಪರಿಹಾರ ಅಲ್ಲ, ಸ್ನ್ಯಾಚ್ ಬ್ಲಾಕ್ ಪರಿಹಾರ. ಹಗ್ಗವನ್ನು ಮರದ ಹತ್ತಿರದ ರಾಟೆಯಲ್ಲಿ ತಿರುಗಿಸಿ ವಾಪಸ್ ಗಾಡಿಗೇ ಕಟ್ಟಿದರೆ ಎಳೆತ ಹೆಚ್ಚುಕಡಿಮೆ ದುಪ್ಪಟ್ಟು, ವೇಗ ಅರ್ಧ. ಹಗ್ಗ ಜಾಸ್ತಿ ಹೊರಗೆ ಬರುವುದರಿಂದ ಮೊದಲ ಪದರದ ಶಕ್ತಿಯೂ ಸಿಗುತ್ತದೆ. ಅದಕ್ಕೆ ನನ್ನ ಮತ ಸಿಂಥೆಟಿಕ್ ಹಗ್ಗದ 8000 ಪೌಂಡ್ ವಿಂಚ್, ಜೊತೆಗೆ ಒಂದು ಒಳ್ಳೆಯ ಸ್ನ್ಯಾಚ್ ಬ್ಲಾಕ್. ಆದರೆ ನೆನಪಿಡಿ, ರಾಟೆ ಕಟ್ಟಿದ ಮರದ ಮೇಲೂ ಭಾರ ದುಪ್ಪಟ್ಟು.

ಬಾಳೆಹೊನ್ನೂರು_ತೋಟ

ಮರದ ವಿಷಯ ಬಂತಲ್ಲ, ಅದನ್ನೇ ಬರೆಯೋಣ ಅಂತ ಇದ್ದೆ. ನಮ್ಮ ತೋಟಕ್ಕೆ ಬಂದ ಹುಡುಗರು ಗಾಡಿ ಸಿಕ್ಕಿಕೊಂಡಿತು ಅಂತ ಸಿಲ್ವರ್ ಓಕ್‌ಗೆ ವಯರ್ ಸುತ್ತಿ ಎಳೆದರು. ಆ ಮರಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ಬುಡದಲ್ಲೇ ಕತ್ತರಿಸಿಹೋಯಿತು. ಫಸಲು ಬಿಡುತ್ತಿದ್ದ ಬಳ್ಳಿ. ನಮ್ಮ ಯಜಮಾನ್ರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗಾಡಿಯವರು ಸಾರಿ ಆಂಟಿ ಅಂತ ಹೇಳಿ ಹೋದರು.

ದಯವಿಟ್ಟು ಬಳ್ಳಿ ಇರುವ ಮರ ಮುಟ್ಟಬೇಡಿ. ಬಳ್ಳಿ ಇಲ್ಲದಿದ್ದರೂ ಸಿಲ್ವರ್ ಓಕ್ ನಂಬಬೇಡಿ, ಮಳೆಗಾಲದಲ್ಲಿ ಗಾಳಿಗೇ ಮುರಿದು ಬೀಳುವ ಮರ ಅದು. ಅಡಿಕೆ ಮರವಂತೂ ಕೇಳಲೇಬೇಡಿ. ಹಲಸು, ಅತ್ತಿ, ದಪ್ಪ ನೇರಳೆ ಇದ್ದರೆ ಸರಿ. ಅದಕ್ಕೂ ಅಗಲ ಪಟ್ಟಿ ಹಾಕಿ, ಬರೀ ವಯರ್ ಸುತ್ತಿದರೆ ತೊಗಟೆ ಸುತ್ತಲೂ ಕಡಿದು ಮರವೇ ಒಣಗುತ್ತದೆ.

ಪುತ್ತೂರು_ಗುಡ್ಡೆ

ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ. ಪಟ್ಟಿಯನ್ನು ಬುಡಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಕೆಳಗೆ ಹಾಕಬೇಕು ಮಾರಾಯ್ರೆ, ಎದೆ ಎತ್ತರಕ್ಕೆ ಕಟ್ಟಿದರೆ ಮರ ಬುಡಸಮೇತ ಗಾಡಿ ಮೇಲೆ ಬಂದೀತು.

ಹಗ್ಗದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಕಡೆ ಮುರಕಲ್ಲು ಮತ್ತು ಚೂಪು ಜಲ್ಲಿ. ಸಿಂಥೆಟಿಕ್ ಹಗ್ಗ ಕಲ್ಲಿನ ಅಂಚಿಗೆ ಉಜ್ಜಿದರೆ ಸಿಪ್ಪೆ ಎದ್ದ ಹಾಗೆ ಎದ್ದು ಹೋಗುತ್ತದೆ, ಮರಳು ಒಳಗೆ ಹೊಕ್ಕರೆ ಒಳಗಿಂದಲೇ ಕತ್ತರಿಸುತ್ತದೆ, ಬಿಸಿಲಿಗೂ ಹಾಳು. ಡ್ರಮ್ ಒಳಗೇ ಬ್ರೇಕ್ ಇರುವ ವಿಂಚ್‌ಗಳಲ್ಲಿ ಭಾರ ಹಾಕಿ ಇಳಿಸುವಾಗ ಡ್ರಮ್ ಬಿಸಿಯಾಗಿ ಮೊದಲ ಪದರ ಸುಡುವುದೂ ಉಂಟು. ಸ್ಟೀಲ್ ಆದರೆ ಎಣ್ಣೆ ಒರೆಸಿ ಇಟ್ಟರೆ ಸಾಕು. ಅಗ್ಗ ಕೂಡ.

ಹುಬ್ಬಳ್ಳಿ_ಡೀಸೆಲ್

ಅದೆಲ್ಲ ಖರೆ. ಆದರೆ ಸ್ಟೀಲ್ ವಯರ್ ತುಂಡಾದರೆ ಏನಾಗುತ್ತದೆ ಅಂತ ಒಮ್ಮೆ ನೋಡಿದವರು ಅಗ್ಗದ ಮಾತು ಆಡಲ್ಲ. ಸಿಂಥೆಟಿಕ್ ಹಗುರ, ತುಂಡಾದರೂ ಅಷ್ಟು ಜೋರಾಗಿ ಹೊಡೆಯಲ್ಲ. ಹಾಗಂತ ಅದರ ಹತ್ತಿರ ನಿಲ್ಲಬಹುದು ಅಂತಲ್ಲ, ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇದ್ದೇ ಇರುತ್ತದೆ. ಮತ್ತು ಈ ಗಾಡಿಯಲ್ಲಿ ತೂಕವೇ ಸಮಸ್ಯೆ. ಸ್ಟೀಲ್‌ನಿಂದ ಸಿಂಥೆಟಿಕ್‌ಗೆ ಬಂದರೆ ಹಗ್ಗ, ರೋಲರ್ ಎಲ್ಲಾ ಸೇರಿ 8–10 ಕೆಜಿ ಮೂಗಿನ ಮೇಲಿಂದ ಇಳಿಯುತ್ತದೆ. ರೋಲರ್ ಬದಲು ನುಣುಪು ಅಲ್ಯೂಮಿನಿಯಂ ಹಾಸ್ (ಹಗ್ಗ ಹಾದು ಬರುವ ಬಾಯಿ) ಹಾಕಿಸಿ. ಸ್ಟೀಲ್ ಓಡಿ ಗೆರೆ ಬಿದ್ದ ರೋಲರ್ ಮೇಲೆ ಮಾತ್ರ ಸಿಂಥೆಟಿಕ್ ಓಡಿಸಬೇಡಿ.

ವಯರಿಂಗ್_ಮೈಸೂರು

ಯಾರೂ ಕರೆಂಟ್ ಬಗ್ಗೆ ಬರೆಯುತ್ತಿಲ್ಲ, ಅದಕ್ಕೇ ಬಂದೆ. ನನ್ನ ಹತ್ತಿರ ಬರುವ ವಿಂಚ್ ರಿಪೇರಿಗಳಲ್ಲಿ ಮೋಟಾರ್ ಸುಟ್ಟದ್ದು ಕಡಿಮೆ, ವಯರಿಂಗ್ ಸುಟ್ಟದ್ದೇ ಜಾಸ್ತಿ.

ಈ ಸೈಜ್‌ನ 12 ವೋಲ್ಟ್ ವಿಂಚ್ ಪೂರ್ಣ ಭಾರದಲ್ಲಿ 300ರಿಂದ 400 ಆಂಪ್ ಎಳೆಯುತ್ತದೆ. ಸ್ಟಾರ್ಟರ್ ಮೋಟಾರ್ ಕೂಡ ಜೋರಾಗಿ ಎಳೆಯುತ್ತದೆ, ಆದರೆ ಅದು ಎರಡು ಸೆಕೆಂಡ್, ಇದು ಒಂದು ನಿಮಿಷ. ಆಲ್ಟರ್ನೇಟರ್ ಕೊಡುವುದು ಅದರ ಕಾಲು ಭಾಗವೂ ಇಲ್ಲ, ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಹೋಗಬೇಕು. ಹಾಗಾಗಿ ಇಂಜಿನ್ ಆನ್ ಇರಲಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಿರಿ, ಒಂದು ನಿಮಿಷ ಎಳೆದು ಬಿಟ್ಟುಬಿಡಿ, ಮೋಟಾರ್ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೀಡಿ ಸೇದುವವರು ಸೇದಿ, ಉಳಿದವರು ಟೀ ಕುಡಿಯಿರಿ.

ಕೇಬಲ್ 35 ಸ್ಕ್ವೇರ್ ಎಂಎಂಗಿಂತ ಕಡಿಮೆ ಬೇಡ. ಅರ್ಥಿಂಗ್ ವಯರ್ ಬಾಡಿಗೆ ಬೋಲ್ಟ್ ಮಾಡದೆ ನೇರ ಬ್ಯಾಟರಿ ನೆಗೆಟಿವ್‌ಗೇ ತನ್ನಿ. ಬ್ಯಾಟರಿ ಪಕ್ಕದಲ್ಲೇ ಒಂದು ಐಸೊಲೇಟರ್ ಸ್ವಿಚ್ ಕಡ್ಡಾಯ, ಕೆಲಸ ಇಲ್ಲದಾಗ ಆಫ್. ಕೇಬಲ್ ಬಂಪರ್ ಒಳಗೆ ಕಬ್ಬಿಣಕ್ಕೆ ಉಜ್ಜಿ ಶಾರ್ಟ್ ಆದರೆ ನಡುವೆ ಫ್ಯೂಸ್ ಇರುವುದಿಲ್ಲ, ಗಾಡಿಗೆ ಬೆಂಕಿಯೇ. ಇನ್ನು ನಿಮ್ಮ ಕಡೆಯ ಮಳೆಗೆ ವಿಂಚ್‌ಗೆ ಕರೆಂಟ್ ಹರಿಸುವ ಸೊಲೆನಾಯ್ಡ್ ಸ್ವಿಚ್‌ನ ಪೆಟ್ಟಿಗೆ ಒಳಗೆ ತುಕ್ಕು ಗ್ಯಾರಂಟಿ. ಸಾಧ್ಯವಾದರೆ ಅದನ್ನು ಬಾನೆಟ್ ಒಳಗೆ ಎತ್ತರದಲ್ಲಿ ಕೂರಿಸಿ, ಮತ್ತು ತಿಂಗಳಿಗೆ ಒಂದು ಸಲವಾದರೂ ವಿಂಚ್ ಬಿಚ್ಚಿ ಸುತ್ತಿ. ಸುಮ್ನೆ ಶೋಗೆ ಇಟ್ಟ ವಿಂಚ್ ಬೇಕಾದ ದಿನ ಟಕ್ ಟಕ್ ಅನ್ನುತ್ತದೆ ಅಷ್ಟೇ.

ಥಾರ್_ತುಮಕೂರು

ಇಷ್ಟೆಲ್ಲ ತಲೆಬಿಸಿ ಯಾಕೆ ಗುರು, ನಾನು ಸ್ಟೀಲ್ ಬಂಪರ್, 9500 ಪೌಂಡ್ ವಿಂಚ್, 2 ಇಂಚು ಲಿಫ್ಟ್ ಎಲ್ಲಾ ಹಾಕಿಸಿಕೊಂಡು ಹೈವೇಲಿ ಓಡಾಡ್ತಿದ್ದೀನಿ. ಯಾರೂ ಕೇಳಿಲ್ಲ.

ಕಾನೂನು_ಕಟ್ಟೆ

ಕೇಳಿಲ್ಲ ಅನ್ನುವುದೂ ಸರಿ ಇದೆ ಅನ್ನುವುದೂ ಒಂದೇ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬುಲ್ ಬಾರ್ ಮತ್ತು ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂಲ ವಿವರ ಬದಲಾಯಿಸುವಂತಿಲ್ಲ ಅಂದಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತಲೂ ಬಂತು.

ದಂಡ ಬಿಡಿ. ಬಂಪರ್ ಇರುವುದು ನಜ್ಜುಗುಜ್ಜಾಗಲಿಕ್ಕೆ. ಅದರ ಜಾಗದಲ್ಲಿ ಚಾಸಿಗೆ ಬೋಲ್ಟ್ ಮಾಡಿದ ಕಬ್ಬಿಣ ಕೂತರೆ ಏರ್‌ಬ್ಯಾಗ್ ಬಿಚ್ಚುವ ಸಮಯ ಹೆಚ್ಚುಕಡಿಮೆ ಆಗಬಹುದು, ಎದುರಿಗೆ ಸಿಕ್ಕಿದ ಬೈಕಿನವನ ಗತಿ ಹೇಳುವುದೇ ಬೇಡ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿದ್ದರೆ ಕ್ಲೈಮ್ ಸಮಯದಲ್ಲಿ ಅದೇ ನೆಪ. ತೋಟದ ಗಾಡಿ ತೋಟದಲ್ಲೇ ಇರುತ್ತದೆ ಅಂತ ನೀವು ಹೇಳಬಹುದು, ಆದರೆ ಸಂತೆಗೂ ಅದರಲ್ಲೇ ಹೋಗುತ್ತೀರಿ ಅಲ್ವಾ? ಮತ್ತೆ, ತೋಟ ದಾಟಿ ಪಕ್ಕದ ಕಾಡಿಗೆ ಹೊಕ್ಕು ವಿಂಚ್ ಪರೀಕ್ಷೆ ಮಾಡುವ ಆಸೆ ಬೇಡ, ಅದು ಅರಣ್ಯ ಇಲಾಖೆಯ ಕೇಸ್ ಆಗುತ್ತದೆ.

ಥಾರ್_ತುಮಕೂರು

ಸರಿ ಸರ್, ಒಪ್ಪಿದೆ, ಬಂಪರ್ ವಿಷಯ ಯೋಚನೆ ಮಾಡುತ್ತೇನೆ. ಆದರೆ ಗೋವಾದ ರೈನ್‌ಫಾರೆಸ್ಟ್ ಚಾಲೆಂಜ್‌ನಲ್ಲಿ ಎಲ್ಲರ ಗಾಡಿಯಲ್ಲೂ ಇದೇ ಇರುತ್ತಲ್ಲ?

ಹಳೇ_ಜಿಪ್ಸಿ

ಅವು ಟ್ರಕ್ ಮೇಲೆ ಬರುವ ಸ್ಪರ್ಧೆಯ ಗಾಡಿಗಳಪ್ಪ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವ ಗಾಡಿ ಅಲ್ಲ.

ನಿನ್ನದು ಹೊಸ ಥಾರ್ ಅಲ್ವಾ, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಒಂದೊಂದು ಚಕ್ರ ಬೇರೆ ಬೇರೆಯಾಗಿ ಆಡುವುದು. 2 ಇಂಚು ಎತ್ತರಿಸಿದ ಮೇಲೆ ಡ್ರೈವ್ ಶಾಫ್ಟ್‌ನ ಕೋನ ಒಮ್ಮೆ ನೋಡು, ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಆಚೆ ಬಂದಿದೆಯಾ ನೋಡು. ಹಳೆ ಥಾರ್‌ನವರು ಮುಂದೆ ಸ್ಪ್ರಿಂಗ್ ಬದಲು ಇರುವ ಟಾರ್ಷನ್ ಬಾರ್ ತಿರುಗಿಸಿ ಪುಕ್ಕಟೆ ಲಿಫ್ಟ್ ಅನ್ನುತ್ತಿದ್ದರು, ಅದರಲ್ಲಿ ಚಕ್ರ ಕೆಳಗೆ ಇಳಿಯುವ ಜಾಗವೇ ಉಳಿಯುತ್ತಿರಲಿಲ್ಲ. ನನ್ನ ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಆಕ್ಸಲ್‌ನ ಕೆಳಗೆ. ಅದನ್ನು ಮೇಲಕ್ಕೆ ತಂದು ಐದು ಇಂಚು ಎತ್ತರಿಸಿದವರನ್ನು ನೋಡಿದ್ದೇನೆ. ನೋಡಲಿಕ್ಕೆ ಭರ್ಜರಿ, ಬ್ರೇಕ್ ಹಾಕಿದಾಗ ಹೆದರಿಕೆ.

ವರ್ಕ್‌ಶಾಪ್_ಹಾಸನ

ಲಿಫ್ಟ್ ಕಿಟ್ ಅಂತ ನಾಲ್ಕು ಸ್ಪ್ರಿಂಗ್ ನಾಲ್ಕು ಶಾಕ್ ಅಬ್ಸಾರ್ಬರ್ ಕೊಟ್ಟು ಮುಗಿಸುವ ಅಂಗಡಿಗಳಿವೆ, ಆದ್ದರಿಂದ ಜಿಮ್ನಿಗೆ ಏನೇನು ಜೊತೆಗೆ ಬೇಕು ಅಂತ ಬರೆದುಬಿಡುತ್ತೇನೆ.

ಬಾಡಿ ಮೇಲೆ ಹೋದಾಗ ಪಾನಾರ್ಡ್ ರಾಡ್ (ಚಾಸಿಯಿಂದ ಆಕ್ಸಲ್‌ಗೆ ಅಡ್ಡ ಹಿಡಿದಿರುವ ರಾಡ್) ಆಕ್ಸಲ್ ಅನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಕೆಲವು ಮಿಲಿಮೀಟರ್ ಅಷ್ಟೇ, ಆದರೆ ಮುಂದಿನದು ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಹೋದರೆ ಗಾಡಿ ಅಡ್ಡಡ್ಡ ಓಡಿದ ಹಾಗೆ ಅನಿಸುತ್ತದೆ. ಉದ್ದ ಅಡ್ಜಸ್ಟ್ ಮಾಡುವ ರಾಡ್ ಹಾಕಿದರೆ ಸರಿಯಾಗುತ್ತದೆ.

ಇನ್ನು ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಆಕ್ಸಲ್ ಅನ್ನು ಚಾಸಿಗೆ ಹಿಡಿದಿರುವ ಮುಂದಿನ ಆರ್ಮ್‌ಗಳು ಕೆಳಗೆ ಬಾಗಿದಾಗ ಆಕ್ಸಲ್ ಸ್ವಲ್ಪ ತಿರುಗುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, 80ರ ಮೇಲೆ ಗಾಡಿ ಅಲೆದಾಡುತ್ತದೆ. ಕಿಂಗ್‌ಪಿನ್ ಬೇರಿಂಗ್ ಹಳೆಯದಾಗಿದ್ದರೆ ಸ್ಟೀರಿಂಗ್ ಗಡಗಡ ನಡುಗಲೂಬಹುದು. ಇದಕ್ಕೆ ತೂತು ನಡುವಿಗಿಲ್ಲದ ಆಫ್‌ಸೆಟ್ ಬುಶ್ ಬರುತ್ತದೆ. ಒಂದೂವರೆ ಇಂಚಿನವರೆಗೆ ಇಲ್ಲದೆಯೂ ನಡೆಯುತ್ತದೆ, ಎರಡಾದರೆ ಹಾಕಿಸಿಬಿಡಿ.

ಅಂಗಡಿಯವರು ಮರೆಯುವ ಇನ್ನೊಂದು ವಿಷಯ ಡ್ರ್ಯಾಗ್ ಲಿಂಕ್, ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ರಾಡ್. ಲಿಫ್ಟ್ ಆದ ಮೇಲೆ ಸ್ಟೀರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಸೊಟ್ಟಗಿದ್ದರೆ ಏನಂತೆ ಅಂತ ಬಿಟ್ಟರೆ ಇಎಸ್‌ಪಿಗೆ (ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ) ಗಾಡಿ ತಿರುವಿನಲ್ಲಿದೆ ಅಂತ ಅನಿಸಿ ನೇರ ರಸ್ತೆಯಲ್ಲೇ ಲೈಟ್ ಹತ್ತಿ ಬ್ರೇಕ್ ಹಿಡಿಯಬಹುದು. ಕೆಲವರು ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೇರ ಮಾಡಿ ಕೂರಿಸುತ್ತಾರೆ, ಒಳಗಿನ ಸೆನ್ಸರ್ ಸೊಟ್ಟಗೇ ಉಳಿಯುತ್ತದೆ. ಡ್ರ್ಯಾಗ್ ಲಿಂಕ್ ತಿರುಗಿಸಿಯೇ ನೇರ ಮಾಡಬೇಕು.

ಬ್ರೇಕ್ ಹೋಸ್ ಉದ್ದ ಸಾಕಾ ಅಂತ ಚಕ್ರ ಪೂರ್ತಿ ಇಳಿಬಿಟ್ಟು ನೋಡಬೇಕು. ಹೆಡ್‌ಲೈಟ್ ಕೆಳಗಿಳಿಸಬೇಕು, ಇಲ್ಲಾಂದರೆ ಎದುರಿನವರ ಶಾಪ. ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದೇ ಕಡೆಯ ಜೋಡಿ ಇರಲಿ. ಗಟ್ಟಿ ಸ್ಪ್ರಿಂಗ್‌ಗೆ ಕಂಪನಿಯ ಮೆತ್ತಗಿನ ಶಾಕ್ ಉಳಿಸಿದರೆ ಗಾಡಿ ಒಂದು ಹಂಪ್‌ಗೆ ಮೂರು ಸಲ ಕುಣಿಯುತ್ತದೆ.

ಹೆತ್ತೂರು_ಕಾಫಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ದಿನ ಬರೆಯಲಿಲ್ಲ, ಕೊಯ್ಲು ಇತ್ತು.

ಪ್ಯಾಕೇಜ್ ಬಿಟ್ಟೆ. ಸ್ಟೀಲ್ ಬಂಪರ್ ಇಲ್ಲ. ಕಂಪನಿ ಬಂಪರ್ ಹಾಗೇ ಇದೆ, ಅದರ ಹಿಂದೆ ಚಾಸಿಯ ಎರಡು ತುದಿಗೆ ಪ್ಲೇಟ್ ಬೋಲ್ಟ್ ಮಾಡಿ ಅದರೊಳಗೆ 8000 ಪೌಂಡ್ ವಿಂಚ್, ಸಿಂಥೆಟಿಕ್ ಹಗ್ಗ. ವಿಂಚ್ 24, ಪ್ಲೇಟ್ 14, ಒಟ್ಟು 38 ಕೆಜಿ. ಇದೂ ಬದಲಾವಣೆಯೇ ಅಂತ ಗೊತ್ತು, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದ್ದೇನೆ, ಅವರ ಉತ್ತರ ಬರಬೇಕು. ಸೊಲೆನಾಯ್ಡ್ ಬಾನೆಟ್ ಒಳಗೆ. ಕೇಬಲ್ ಮೊದಲು 16 ಸ್ಕ್ವೇರ್ ಎಂಎಂ ತಂದಿದ್ದರು, ನಿಲ್ಲಿಸಿ 35 ತರಿಸಿದೆ, ಸ್ವಲ್ಪ ಜಗಳವೂ ಆಯಿತು.

ಹಾಕುವ ಮೊದಲು ಮತ್ತು ಆಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದೆ. ಮುಂದೆ 11 ಮಿ.ಮೀ. ಇಳಿದಿದೆ, ಹಿಂದೆ 2 ಏರಿದೆ. ಈಗ ಸ್ಪ್ರಿಂಗ್ ಯಾವುದು?

ವರ್ಕ್‌ಶಾಪ್_ಹಾಸನ

ಅಚ್ಚುಕಟ್ಟು! 11 ಮಿ.ಮೀ.ಗೆ ವಿಂಚ್ ಬಂಪರ್ ಸ್ಪ್ರಿಂಗ್ ಬೇಡವೇ ಬೇಡ. 40 ಮಿ.ಮೀ. ಲಿಫ್ಟ್‌ನ ಮಧ್ಯಮ ಸ್ಪ್ರಿಂಗ್ ತೆಗೆದುಕೊಳ್ಳಿ, ಮುಂದೆ ವಿಂಚ್ ಭಾರಕ್ಕೆ ಇಳಿದದ್ದು ಹೋಗಿ ಮೂವತ್ತರ ಹತ್ತಿರ ಉಳಿಯುತ್ತದೆ, ಹಿಂದೆ ಗೊಬ್ಬರದ ಮೂಟೆ ಹಾಕಿದಾಗ ಗಾಡಿ ಸಮ ಆಗುತ್ತದೆ. ಈ ಎತ್ತರಕ್ಕೆ ಕ್ಯಾಸ್ಟರ್ ಬುಶ್ ತಕ್ಷಣ ಬೇಡ, ಓಡಿಸಿ ನೋಡಿ. ಡ್ರ್ಯಾಗ್ ಲಿಂಕ್ ಮತ್ತು ಅಲೈನ್‌ಮೆಂಟ್ ಮಾತ್ರ ಅದೇ ದಿನ.

ಹುಬ್ಬಳ್ಳಿ_ಡೀಸೆಲ್

ಹೊಸ ಹಗ್ಗವನ್ನು ಹಾಗೇ ಬಿಡಬೇಡ್ರಿ. ಸಮತಟ್ಟು ಜಾಗದಲ್ಲಿ ಪೂರ್ತಿ ಬಿಚ್ಚಿ, ಡ್ರಮ್ ಮೇಲೆ ಎಂಟು ಹತ್ತು ಸುತ್ತು ಉಳಿಸಿ, ಮರಕ್ಕೆ ಕಟ್ಟಿ, ಯಾರಾದರೂ ಬ್ರೇಕ್ ಮೆಲ್ಲಗೆ ಹಿಡಿದಿರುವಾಗ ಗಾಡಿಯನ್ನೇ ಎಳೆದುಕೊಂಡು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದ ಹಗ್ಗ ಭಾರ ಬಿದ್ದಾಗ ಕೆಳಗಿನ ಪದರದೊಳಗೆ ಹೂತು ಸಿಕ್ಕಿಕೊಳ್ಳುತ್ತದೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ದಪ್ಪ ಕಂಬಳಿ, ಕೈಗೆ ಗ್ಲೌಸ್, ಹಗ್ಗ ದಾಟುವುದು ಇಲ್ಲವೇ ಇಲ್ಲ. ನೋಡಲು ಬರುವ ಆಳುಗಳನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿ, ಎಲ್ಲರೂ ಹತ್ತಿರ ಬಂದು ಸಲಹೆ ಕೊಡುತ್ತಾರೆ.

ಹೆತ್ತೂರು_ಕಾಫಿ

ಹೌದು ಸರ್, ಸಲಹೆ ಕೊಡುವವರೇ ಜಾಸ್ತಿ :) ಸ್ಪ್ರಿಂಗ್ ಆರ್ಡರ್ ಮಾಡಿದೆ. ನಮ್ಮೂರ ಗ್ಯಾರೇಜ್‌ನಲ್ಲೇ ಹಾಕಿಸುತ್ತೇನೆ, ಅವರಿಗೆ ವಿಶೇಷವಾಗಿ ಹೇಳಬೇಕಾದ್ದು ಏನಾದರೂ ಇದೆಯಾ?

ವರ್ಕ್‌ಶಾಪ್_ಹಾಸನ

ಒಂದೇ. ಆರ್ಮ್ ಮತ್ತು ಪಾನಾರ್ಡ್ ರಾಡ್‌ನ ಬುಶ್ ಬೋಲ್ಟ್‌ಗಳನ್ನು ಸಡಿಲ ಮಾಡಿಯೇ ಸ್ಪ್ರಿಂಗ್ ಹಾಕಲಿ. ಗಾಡಿ ಜಾಕ್ ಮೇಲೆ ಇರುವಾಗ ಪೂರ್ತಿ ಟೈಟ್ ಮಾಡಬಾರದು. ಚಕ್ರ ಹಾಕಿ, ನೆಲಕ್ಕೆ ಇಳಿಸಿ, ಮುಂದೆ ಹಿಂದೆ ಎರಡು ಸಲ ಉರುಳಿಸಿ, ಬಂಪರ್ ಒತ್ತಿ ಕುಣಿಸಿ, ಆಮೇಲೆ ಕೆಳಗೆ ಮಲಗಿ ಟೈಟ್ ಮಾಡಲಿ. ಇಲ್ಲಾಂದರೆ ಬುಶ್ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿದುಹೋಗುತ್ತದೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲಾ ಬೋಲ್ಟ್ ಇನ್ನೊಮ್ಮೆ, ವಿಂಚ್ ಪ್ಲೇಟ್‌ದೂ ಸೇರಿಸಿ.